ಫೋಲ್ಡ್‌ಎಲ್ ಪ್ರೈಮ್ ಹಾಕಿದರೂ ಮೆಮೊರಿ ಯಾಕೆ ತುಂಬುತ್ತದೆ? ತೊಗರಿ ಲೆಕ್ಕದ ಒಂದು ಹಾಸ್ಕೆಲ್ ಪ್ರಶ್ನೆ

ಪ್ರಶ್ನೆ: ಸರ್, ನಮ್ಮದು ಕಲಬುರಗಿ. ಅಪ್ಪನದು ಗಂಜ್‌ನಲ್ಲಿ ಅಡತಿ ಅಂಗಡಿ. ಅಪ್ಪ ಮತ್ತು ಅವರ ಗೆಳೆಯರದ್ದು ಸೇರಿ ಹತ್ತು ಅಂಗಡಿಗಳ 12 ವರ್ಷದ ತೊಗರಿ ವ್ಯಾಪಾರದ ಲೆಕ್ಕ ಒಂದೇ ಸಿಎಸ್‌ವಿ ಫೈಲ್‌ನಲ್ಲಿದೆ. ಸುಮಾರು 30 ಲಕ್ಷ ಸಾಲು, 240 ಎಂಬಿ. ಊರು ಮತ್ತು ವರ್ಷದ ಪ್ರಕಾರ ಸರಾಸರಿ ದರ ತೆಗೆಯುವ ಪ್ರೋಗ್ರಾಂ ಹಾಸ್ಕೆಲ್‌ನಲ್ಲಿ ಬರೆದೆ. ಫೈಲ್ ಓದಿ, ಮೊದಲು ಎಷ್ಟು ಸಾಲಿದೆ ಅಂತ ತೋರಿಸಿ, ಆಮೇಲೆ ಫೋಲ್ಡ್ ಮಾಡಿ, ಅಂದರೆ ಒಂದೊಂದೇ ಸಾಲನ್ನು ಹಿಂದಿನ ಒಟ್ಟಿಗೆ ಸೇರಿಸುತ್ತಾ, ಮ್ಯಾಪ್‌ಗೆ (ಕೀ ಕೊಟ್ಟರೆ ಅದರ ಬೆಲೆ ಸಿಗುವ ಪಟ್ಟಿ) ತುಂಬುತ್ತೇನೆ. ಮ್ಯಾಪ್‌ನಲ್ಲಿ ಒಟ್ಟು ರೂಪಾಯಿ, ಒಟ್ಟು ಕ್ವಿಂಟಲ್ ಎರಡೂ ಇರುವ ಒಂದು ಟಪಲ್. 10,000 ಸಾಲಿನ ಫೈಲ್ ಕೊಟ್ಟರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಉತ್ತರ ಬರುತ್ತದೆ. ಪೂರ್ತಿ ಫೈಲ್ ಕೊಟ್ಟರೆ ನನ್ನ 8 ಜಿಬಿ ಲ್ಯಾಪ್‌ಟಾಪ್ ಗಪ್ಪಾಗುತ್ತದೆ, ಕೊನೆಗೆ ‘ಕಿಲ್ಡ್’ ಅಂತ ಬರುತ್ತದೆ. ಗೊತ್ತಿರುವವರೊಬ್ಬರು ಫೋಲ್ಡ್‌ಎಲ್ ತೆಗೆದು ಫೋಲ್ಡ್‌ಎಲ್ ಪ್ರೈಮ್ (foldl') ಹಾಕು ಅಂದರು. ಹಾಕಿದೆ, ಏನೂ ಬದಲಾಗಲಿಲ್ಲ. ಫೈಲ್ ತೆರೆದು ಕೆಲಸ ಮುಗಿದ ಮೇಲೆ ತಾನೇ ಮುಚ್ಚುವ ವಿತ್‌ಫೈಲ್ ಬಳಸಿದರೆ ಮುಚ್ಚಿದ ಫೈಲ್ ಓದುತ್ತಿದ್ದೀಯ ಅಂತ ಬೈಯುತ್ತದೆ. ಹಾಸ್ಕೆಲ್ ಬಿಟ್ಟು ಪೈಥಾನ್‌ಗೆ ಹೋಗಲಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೋಗಬಹುದು, ಯಾವ ತಪ್ಪೂ ಇಲ್ಲ. ಪೈಥಾನ್‌ನಲ್ಲಿ ಫೈಲನ್ನು ಸಾಲು ಸಾಲಾಗಿ ಓದುತ್ತಾ ಕೂಡಿಸಿದರೆ ಈ ಲೆಕ್ಕ ಸಲೀಸಾಗಿ ಮುಗಿಯುತ್ತದೆ. ಅಪ್ಪನಿಗೆ ನಾಳೆ ಬೆಳಗ್ಗೆಯೇ ಉತ್ತರ ಬೇಕು ಅಂದರೆ ಇವತ್ತು ರಾತ್ರಿ ಅದನ್ನೇ ಮಾಡಿ. ಆದರೆ ನಿಮ್ಮ ಹಾಸ್ಕೆಲ್ ಪ್ರೋಗ್ರಾಂ ಸರಿಯಾಗಲು ಬದಲಾಯಿಸಬೇಕಾದ್ದು ನಾಲ್ಕೈದು ಸಾಲು ಅಷ್ಟೇ. ಆ ನಾಲ್ಕೈದು ಸಾಲು ಯಾಕೆ ಅಂತ ಒಮ್ಮೆ ತಲೆಗೆ ಹೋದರೆ ಮುಂದೆ ಈ ತೊಂದರೆ ಬಂದಾಗ ಎಲ್ಲಿ ನೋಡಬೇಕು ಅನ್ನುವುದು ನಿಮಗೇ ಗೊತ್ತಾಗುತ್ತದೆ.

ನಿಮ್ಮ ಅಂಗಡಿಯಲ್ಲಿ ಚೀಟಿ ಸಿಗಿಸುವ ತಂತಿ ಇರಬೇಕು, ಗೋಡೆಗೆ ನೇತು ಹಾಕಿದ ಕೊಕ್ಕೆ ತಂತಿ. ನಾನೂ ಗಂಜ್‌ನ ಹಿಂದಿನ ಗಲ್ಲಿಯಲ್ಲಿ ಬೆಳೆದವನು. ತೂಕ ಆದ ಕೂಡಲೇ ಒಂದು ಚೀಟಿ, ರೈತರ ಹೆಸರು, ಚೀಲ ಎಷ್ಟು, ದರ ಎಷ್ಟು. ಅದನ್ನು ತಂತಿಗೆ ಚುಚ್ಚುವುದು, ಮುಂದಿನ ಗಾಡಿ ನೋಡುವುದು. ಯಾರೂ ಅಲ್ಲೇ ನಿಂತು ಕೂಡಿಸುವುದಿಲ್ಲ. ಸಂಜೆ ಮುನೀಮರು ತಂತಿ ಇಳಿಸಿಕೊಂಡು ಕೂತು ಒಟ್ಟು ಹಾಕುತ್ತಾರೆ. ಹಾಸ್ಕೆಲ್ ಮಾಡುವುದು ಇದನ್ನೇ. ‘ಇದನ್ನು ಕೂಡು’ ಅಂದರೆ ಕೂಡುವುದಿಲ್ಲ, ‘ಇದನ್ನು ಕೂಡಬೇಕು’ ಅಂತ ಚೀಟಿ ಬರೆದು ಸಿಗಿಸುತ್ತದೆ. ಆ ಚೀಟಿಗೆ ಥಂಕ್ ಅಂತ ಹೆಸರು. ಯಾರಾದರೂ ಉತ್ತರ ಕೇಳಿದಾಗ ಮಾತ್ರ ಚೀಟಿ ಬಿಡಿಸುತ್ತದೆ. ದಿನಕ್ಕೆ ನೂರು ಚೀಟಿ ಆದರೆ ತಂತಿ ತಡೆಯುತ್ತದೆ. ಹನ್ನೆರಡು ವರ್ಷ ಯಾರೂ ಒಟ್ಟು ಕೇಳದೇ ಹೋದರೆ? ನಿಮ್ಮ ಲ್ಯಾಪ್‌ಟಾಪ್‌ಗೆ ಆಗಿರುವುದು ಅದೇ.

ಈಗ ನಿಮ್ಮ ಫೋಲ್ಡ್‌ಗೆ ಬರೋಣ. ಸುಮ್ನೆ ಫೋಲ್ಡ್‌ಎಲ್ ಆದರೆ ಮೂರು ಸಾಲು ದಾಟಿದ ಮೇಲೆ ಒಟ್ಟಿನ ಜಾಗದಲ್ಲಿ ಇರುವುದು 21330 ಅಲ್ಲ. ಇರುವುದು ಹೀಗೆ:

((0 + 7100) + 7250) + 6980

ಒಂದು ಚೀಟಿಯೊಳಗೆ ಇನ್ನೊಂದು ಚೀಟಿ, ಅದರೊಳಗೆ ಮತ್ತೊಂದು. ಫೋಲ್ಡ್‌ಎಲ್ ಪ್ರೈಮ್ ಪ್ರತಿ ಹೆಜ್ಜೆಗೂ ‘ಈಗಲೇ ಬಿಡಿಸು’ ಅನ್ನುತ್ತದೆ. ಬರೀ ಅಂಕಿ ಕೂಡುವಾಗ ಅದು ಸಾಕು. ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಯಾಕೆಂದರೆ ಅದು ಬಿಡಿಸುವುದು ಮೇಲಿನ ಒಂದು ಪದರ ಮಾತ್ರ. ಕೈಗೆ ಬಂದದ್ದು ಟಪಲ್ ಅಂತ ಗೊತ್ತಾದರೆ ಅದರ ಕೆಲಸ ಮುಗಿಯಿತು, ಒಳಗಿನ ಎರಡು ಮನೆಗಳಲ್ಲಿ ಏನಿದೆ ಅಂತ ಇಣುಕಿಯೂ ನೋಡುವುದಿಲ್ಲ. ಲಕೋಟೆ ಒಡೆದರು, ಒಳಗಿನ ಕಾಗದ ಓದಲಿಲ್ಲ. ಹಾಗಾಗಿ ರೂಪಾಯಿ ಮನೆಯಲ್ಲಿ ಒಂದು ಚೀಟಿ ಸರಪಳಿ, ಕ್ವಿಂಟಲ್ ಮನೆಯಲ್ಲಿ ಇನ್ನೊಂದು, ಎರಡೂ ಬೆಳೆಯುತ್ತಲೇ ಹೋಗುತ್ತವೆ.

ನಿಮ್ಮ ಪ್ರೋಗ್ರಾಂನಲ್ಲಿ ಇನ್ನೂ ಒಂದು ಸುತ್ತು ಇದೆ. ಫೋಲ್ಡ್‌ನಲ್ಲಿ ನೀವು ಬೆಳೆಸುತ್ತಿರುವುದು ಮ್ಯಾಪ್ ಒಂದನ್ನು, ಟಪಲ್ ಇರುವುದು ಅದರ ಒಳಗೆ. ಫೋಲ್ಡ್‌ಎಲ್ ಪ್ರೈಮ್ ಮ್ಯಾಪ್‌ನ ಆಕಾರ ಬಿಡಿಸಿ ಸುಮ್ಮನಾಗುತ್ತದೆ. ಡೇಟಾ ಡಾಟ್ ಮ್ಯಾಪ್‌ನ ಇನ್ಸರ್ಟ್‌ವಿತ್ ಹಳೇ ಬೆಲೆಗೆ ಹೊಸದು ಸೇರಿಸುವಾಗ ಮತ್ತೆ ಚೀಟಿಯನ್ನೇ ಇಡುತ್ತದೆ. ಅಂದರೆ ನಿಮ್ಮಲ್ಲಿ ಟಪಲ್‌ಗಳೂ ಟಪಲ್ ಆಗಿಲ್ಲ, ‘ಟಪಲ್ ಮಾಡಬೇಕು’ ಅನ್ನುವ ಚೀಟಿಗಳಾಗಿವೆ.

ಇಷ್ಟೇ ಆಗಿದ್ದರೆ 8 ಜಿಬಿ ತುಂಬುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. ನಿಜವಾದ ಭಾರ ಬೇರೆ ಕಡೆ ಇದೆ. ಮೇಲೆ ನಾನು 7100 ಅಂತ ಬರೆದೆನಲ್ಲ, ಅಲ್ಲಿ ನಿಜಕ್ಕೂ 7100 ಇಲ್ಲ. ‘ಆ ಸಾಲಿನ ನಾಲ್ಕನೇ ಕಾಲಂ ತೆಗೆದು ರೀಡ್ ಮಾಡಿ ಅಂಕಿ ಮಾಡು’ ಅನ್ನುವ ಇನ್ನೊಂದು ಚೀಟಿ ಇದೆ. ಆ ಕೆಲಸ ಮಾಡಬೇಕಾದರೆ ಆ ಸಾಲು ಬೇಕಲ್ವಾ? ಹಾಗಾಗಿ ಚೀಟಿ ಇರುವವರೆಗೂ ಸಾಲನ್ನು ಬಿಸಾಡುವ ಹಾಗಿಲ್ಲ. ಗಾರ್ಬೇಜ್ ಕಲೆಕ್ಟರ್ ಕಸ ಬಳಿಯಲು ಬರುತ್ತದೆ, ನೋಡುತ್ತದೆ, ‘ಇದು ಇನ್ನೂ ಬೇಕಂತೆ’ ಅಂತ ಹಾಗೇ ಬಿಟ್ಟು ಹೋಗುತ್ತದೆ. ತಂತಿಯ ಮೇಲೆ ಬರೀ ಚೀಟಿ ಇಲ್ಲ, ಪ್ರತಿ ಚೀಟಿಗೂ ತೊಗರಿ ಚೀಲವನ್ನೇ ಕಟ್ಟಿ ನೇತು ಹಾಕಿದ್ದೀರಿ.

ಆ ಚೀಲದ ತೂಕ ಎಷ್ಟು ಅಂತ ನೋಡೋಣ. ನೀವು ರೀಡ್‌ಫೈಲ್ ಬಳಸಿದ್ದೀರಿ, ಅದು ಕೊಡುವುದು ಸ್ಟ್ರಿಂಗ್. ಹಾಸ್ಕೆಲ್‌ನ ಸ್ಟ್ರಿಂಗ್ ಅಂದರೆ ಅಕ್ಷರಗಳ ಪಟ್ಟಿ, ಒಂದೊಂದು ಅಕ್ಷರಕ್ಕೂ ಒಂದು ಕೊಂಡಿ. 64-ಬಿಟ್ ಯಂತ್ರದಲ್ಲಿ ಹಾಸ್ಕೆಲ್ ಕಂಪೈಲರ್ ಜಿಎಚ್‌ಸಿ ಒಂದು ಕೊಂಡಿಗೆ 24 ಬೈಟ್ ತೆಗೆದುಕೊಳ್ಳುತ್ತದೆ. ಅಕ್ಷರ ಇಡುವ ಡಬ್ಬಿಗೆ ಇನ್ನೂ 16. ಇಂಗ್ಲಿಷ್ ಅಕ್ಷರ, ಅಂಕಿ, ಕಾಮಾಗಳಿಗೆ ಡಬ್ಬಿಯ ಖರ್ಚು ಇಲ್ಲ. ಕೋಡ್ 0ರಿಂದ 255ರವರೆಗಿನ ಅಕ್ಷರಗಳಿಗೆ ಜಿಎಚ್‌ಸಿ ಮೊದಲೇ ಒಂದೊಂದು ಡಬ್ಬಿ ಮಾಡಿಟ್ಟು ಎಲ್ಲರಿಗೂ ಅದನ್ನೇ ಹಂಚುತ್ತದೆ. ಕನ್ನಡ ಅಕ್ಷರಗಳು ಆ ಗುಂಪಿನಲ್ಲಿಲ್ಲ. ನಮಗೆ ಪ್ರತಿ ಸಲವೂ ಹೊಸ ಡಬ್ಬಿ, ಹೊಸ ಖರ್ಚು. ‘ತೊಗರಿ’ ಅನ್ನುವ ಪದ ತೆಗೆದುಕೊಳ್ಳಿ. ಕಣ್ಣಿಗೆ ಮೂರಕ್ಷರ, ಯೂನಿಕೋಡ್‌ನಲ್ಲಿ ಐದು: ತ, ಒ-ಕಾರದ ಗುರುತು, ಗ, ರ, ಇ-ಕಾರದ ಗುರುತು. ಫೈಲ್‌ನಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ಸ್ಟ್ರಿಂಗ್‌ನಲ್ಲಿ ಒಂದೊಂದಕ್ಕೆ 40, ಒಟ್ಟು 200.

ನಿಮ್ಮ ಒಂದು ಸಾಲು ಸರಾಸರಿ 80 ಬೈಟ್. ಊರು ಮತ್ತು ರೈತರ ಹೆಸರು ಸೇರಿ 18 ಕನ್ನಡ ಚಿಹ್ನೆ ಅಂತ ಇಟ್ಟುಕೊಳ್ಳಿ, ಅದಕ್ಕೆ 54 ಬೈಟ್. ಉಳಿದ 26 ಬೈಟ್ ತಾರೀಖು, ಅಂಕಿ, ಕಾಮಾ. ಸ್ಟ್ರಿಂಗ್ ಆದಾಗ ಇದೇ ಸಾಲು 720 ಮತ್ತು 624 ಸೇರಿ 1344 ಬೈಟ್ ಆಗುತ್ತದೆ. 10,000 ಸಾಲಿಗೆ 13 ಎಂಬಿ ಚಿಲ್ಲರೆ, ಅದಕ್ಕೇ ಚಿಕ್ಕ ಫೈಲ್‌ನಲ್ಲಿ ಏನೂ ಗೊತ್ತಾಗಲಿಲ್ಲ. 30 ಲಕ್ಷ ಸಾಲಿಗೆ 4 ಜಿಬಿ. ಜಿಎಚ್‌ಸಿಯ ಕಲೆಕ್ಟರ್ ಮಾಮೂಲಾಗಿ ಬದುಕಿರುವುದನ್ನೆಲ್ಲ ಹೊಸ ಜಾಗಕ್ಕೆ ನಕಲು ಮಾಡಿ ಹಳೇ ಜಾಗ ಬಿಡುತ್ತದೆ. ನಕಲು ನಡೆಯುವ ಹೊತ್ತಿಗೆ ಎರಡೂ ಇರಬೇಕು, ಅಂದರೆ 8 ಜಿಬಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರುವುದೂ ಅಷ್ಟೇ. ಥಂಕ್‌ಗಳ ಸ್ವಂತ ತೂಕ ನಾನಿನ್ನೂ ಸೇರಿಸಿಲ್ಲ.

ಇದರ ಜೊತೆಗೆ ನೀವೇ ಹೇಳಿದ ಆ ಒಂದು ಸಣ್ಣ ಕೆಲಸ, ಮೊದಲು ಎಷ್ಟು ಸಾಲಿದೆ ಅಂತ ತೋರಿಸುವುದು. ಅದು ಕಾಣಲು ನಿರುಪದ್ರವಿ. ಆದರೆ ಅದೊಂದೇ ಸಾಕು ಮೆಮೊರಿ ತುಂಬಲು. ರೀಡ್‌ಫೈಲ್ ಲೇಜಿ, ಫೈಲನ್ನು ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಒಂದೇ ಸಲ ಮೇಲಿಂದ ಕೆಳಗೆ ಹೋದರೆ ಹಿಂದಿನ ಸಾಲುಗಳು ಕಸ ಆಗುತ್ತಾ ಹೋಗುತ್ತವೆ. ನೀವು ಲೆಂಗ್ತ್ ಕೇಳಿದಿರಿ, ಅದು ಕೊನೆಯವರೆಗೆ ಎಣಿಸಿತು. ಅದೇ ಪಟ್ಟಿ ಆಮೇಲೆ ಫೋಲ್ಡ್‌ಗೂ ಬೇಕು. ಹಾಗಾಗಿ ಒಂದು ಸಾಲನ್ನೂ ಬಿಡುವಂತಿಲ್ಲ, ಮೂವತ್ತು ಲಕ್ಷವೂ ಕೈಯಲ್ಲೇ. ಒಟ್ಟನ್ನು ಒಂದು ಸಲ, ಎಣಿಕೆಯನ್ನು ಇನ್ನೊಂದು ಸಲ ತೆಗೆದು ಭಾಗಿಸುವ ಸರಾಸರಿಯ ಸೂತ್ರ ಪುಸ್ತಕದಲ್ಲಿ ಚೆಂದ ಕಾಣುತ್ತದೆ. ದೊಡ್ಡ ಫೈಲ್‌ಗೆ ಅದನ್ನು ಹಾಗೇ ಬರೆಯಬೇಡಿ. ಎಣಿಕೆಯೂ ಫೋಲ್ಡ್‌ನೊಳಗೇ ನಡೆಯಲಿ.

ವಿತ್‌ಫೈಲ್ ಬೈದದ್ದೂ ಇದೇ ಕಾರಣಕ್ಕೆ. ಫೈಲ್ ಓದಿದ್ದೇನೆ ಅಂದುಕೊಂಡಿರಿ, ಆದರೆ ಓದಬೇಕು ಅನ್ನುವ ಚೀಟಿ ಹಿಡಿದುಕೊಂಡು ಹೊರಗೆ ಬಂದಿರಿ. ಹಿಂದೆ ವಿತ್‌ಫೈಲ್ ಬಾಗಿಲು ಹಾಕಿಕೊಂಡು ಹೋಯಿತು. ಅಂಗಡಿ ಮುಚ್ಚಿದ ಮೇಲೆ ಸಾಮಾನು ಕೇಳಿದ ಹಾಗೆ. ವಿತ್‌ಫೈಲ್ ಒಳಗೇ ಉತ್ತರ ಪೂರ್ತಿ ತೆಗೆದು ಹೊರಗೆ ಬಂದರೆ ತಕರಾರಿಲ್ಲ.

ಇದೆಲ್ಲ ಓದಿ ‘ಇಂಥ ಸೋಮಾರಿ ಭಾಷೆ ಯಾಕೆ ಬೇಕ್ರೀ’ ಅಂತ ಅನ್ನಿಸಬಹುದು. 1987ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಒಂದು ಸಮ್ಮೇಳನದಲ್ಲಿ ಸೇರಿದ್ದ ಕೆಲವರು, ಆಗ ಚೆಲ್ಲಾಪಿಲ್ಲಿಯಾಗಿದ್ದ ಲೇಜಿ ಭಾಷೆಗಳಿಗೆಲ್ಲ ಒಂದು ಸಾಮಾನ್ಯ ಭಾಷೆ ಮಾಡೋಣ ಅಂತ ಹೊರಟರು. 1990ರಲ್ಲಿ ಅದರ ಮೊದಲ ವರದಿ ಬಂತು, ತರ್ಕಶಾಸ್ತ್ರಜ್ಞ ಹಾಸ್ಕೆಲ್ ಕರಿ ಅವರ ಹೆಸರು ಇಟ್ಟರು. ಅಂದರೆ ಈ ಸೋಮಾರಿತನ ಯಾರದೋ ಎಡವಟ್ಟಲ್ಲ, ಅವರು ಕೂಡಿ ಬಂದದ್ದೇ ಅದಕ್ಕಾಗಿ. 240 ಎಂಬಿ ಫೈಲನ್ನು ಒಂದೇ ಪಟ್ಟಿ ಅಂತ ಬರೆದು, ಚೂರು ಚೂರೇ ಎಳೆದುಕೊಂಡು ಓಡಿಸುವ ಸುಖ ಅದರಿಂದಲೇ ಬಂದದ್ದು. ನಾನು ಪಾಲಿಸುವ ರೂಢಿ ಇಷ್ಟು: ಸಾಲುಗಳು ಬರುವಾಗ ಲೇಜಿಯಾಗಿ ಬರಲಿ, ಒಟ್ಟು ಮಾತ್ರ ಆಗಿಂದಾಗಲೇ ಆಗಲಿ. ನಿಮ್ಮಲ್ಲಿ ಅದು ಉಲ್ಟಾ ಆಗಿದೆ. ಸಾಲುಗಳನ್ನು ಹಿಡಿದಿಟ್ಟುಕೊಂಡಿದ್ದೀರಿ, ಒಟ್ಟನ್ನು ಮುಂದೆ ಹಾಕಿದ್ದೀರಿ.

ಹಾಗಾದರೆ ಏನು ಬದಲಾಯಿಸಬೇಕು?

ಟಪಲ್ ಬಿಡಿ. ಎರಡು ಮನೆ ಇರುವ ನಿಮ್ಮದೇ ಒಂದು ಡೇಟಾ ಟೈಪ್ ಮಾಡಿ, ಇಂಗ್ಲಿಷ್ ದೊಡ್ಡಕ್ಷರದಿಂದ ಶುರು ಮಾಡಿ Ottu ಅಂತ ಹೆಸರಿಡಿ. ಎರಡೂ ಮನೆಯ ಟೈಪ್‌ಗಿಂತ ಮೊದಲು ಒಂದೊಂದು ಆಶ್ಚರ್ಯ ಚಿಹ್ನೆ ಹಾಕಿ. ಆ ಚಿಹ್ನೆಯ ಅರ್ಥ: ಈ ಡಬ್ಬಿ ಕಟ್ಟುವಾಗಲೇ ಒಳಗಿನ ಅಂಕಿ ಬಿಡಿಸಿರಬೇಕು, ಚೀಟಿ ಇಡುವ ಹಾಗಿಲ್ಲ. ಆಗ ಮೇಲಿನ ಒಂದು ಪದರ ಬಿಡಿಸಿದರೂ ಒಳಗಿನದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಇದೊಂದೇ ಬದಲಾವಣೆ ಮಾಡಿ ನಿಲ್ಲಿಸಬೇಡಿ, ಸಾಲುವುದಿಲ್ಲ. ಮ್ಯಾಪ್ ಇನ್ನೂ ಚೀಟಿ ಇಡುತ್ತಿದೆಯಲ್ಲ.

ಹಾಗಾಗಿ ಡೇಟಾ ಡಾಟ್ ಮ್ಯಾಪ್ ಬದಲು ಡೇಟಾ ಡಾಟ್ ಮ್ಯಾಪ್ ಡಾಟ್ ಸ್ಟ್ರಿಕ್ಟ್ ಇಂಪೋರ್ಟ್ ಮಾಡಿ. ಫಂಕ್ಷನ್ ಹೆಸರುಗಳೆಲ್ಲ ಅವೇ, ಉಳಿದ ಕೋಡ್ ಮುಟ್ಟುವುದೇ ಬೇಡ. ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಎಡವುತ್ತಾರೆ. ಎರಡೂ ಕಡೆ ಮ್ಯಾಪ್‌ನ ಟೈಪ್ ಒಂದೇ, ಬೇರೆಯಾದದ್ದು ಫಂಕ್ಷನ್‌ಗಳು ಮಾತ್ರ. ಅಂದರೆ ಸ್ಟ್ರಿಕ್ಟ್ ಮ್ಯಾಪ್ ಅನ್ನುವ ಬೇರೆ ಸಾಮಾನೇ ಇಲ್ಲ, ಇರುವುದು ಸ್ಟ್ರಿಕ್ಟ್ ಆಗಿ ತುಂಬುವ ಕೈ. ಅದೇ ಮ್ಯಾಪ್ ಮೇಲೆ ಎಫ್‌ಮ್ಯಾಪ್ (ಎಲ್ಲ ಬೆಲೆಗಳಿಗೂ ಒಂದೇ ಫಂಕ್ಷನ್ ಹಚ್ಚುವುದು) ಓಡಿಸಿದರೆ ಮತ್ತೆ ಚೀಟಿ ಹುಟ್ಟುತ್ತದೆ, ಯಾಕೆಂದರೆ ಎಫ್‌ಮ್ಯಾಪ್ ಎರಡಕ್ಕೂ ಒಂದೇ. ಆ ಮಾಡ್ಯೂಲ್‌ನದ್ದೇ ಮ್ಯಾಪ್ ಫಂಕ್ಷನ್ ಬಳಸಿ. ನಿಮ್ಮ ಲೆಕ್ಕದ ಕೊನೆಯಲ್ಲಿ ಒಂದೇ ಸಲ ಭಾಗಿಸಲು ಎಫ್‌ಮ್ಯಾಪ್ ಮಾಡಿದರೆ ನಷ್ಟವಿಲ್ಲ, ಲೂಪ್ ಒಳಗೆ ಮಾಡಿದರೆ ನಷ್ಟ.

ಫೋಲ್ಡ್‌ಎಲ್ ಪ್ರೈಮ್ ಹಾಗೇ ಇರಲಿ. ಜಿಎಚ್‌ಸಿ 9.10ರಿಂದ ಅದು ಪ್ರಿಲ್ಯೂಡ್‌ನಲ್ಲೇ, ಅಂದರೆ ಇಂಪೋರ್ಟ್ ಮಾಡದೆಯೇ, ಸಿಗುತ್ತದೆ. ಅದಕ್ಕಿಂತ ಹಳೆಯದಿದ್ದರೆ ಡೇಟಾ ಡಾಟ್ ಲಿಸ್ಟ್‌ನಿಂದ ತಂದುಕೊಳ್ಳಿ.

ಇನ್ನು ಸ್ಟ್ರಿಂಗ್. ಈ ಕೆಲಸಕ್ಕೆ ಅದು ಬೇಡವೇ ಬೇಡ. ಬೈಟ್‌ಗಳನ್ನು ಕೊಂಡಿಯಿಲ್ಲದೆ ಒತ್ತೊತ್ತಾಗಿ ಇಡುವ ಬೈಟ್‌ಸ್ಟ್ರಿಂಗ್‌ನ ರೀಡ್‌ಫೈಲ್ ಬಳಸಿ. ಫೈಲ್ ಪೂರ್ತಿ ಒಂದೇ ಗಟ್ಟಿ ತುಂಡಾಗಿ 240 ಎಂಬಿಯಲ್ಲೇ ಕೂರುತ್ತದೆ, ಅಷ್ಟು ದೊಡ್ಡ ತುಂಡನ್ನು ಕಲೆಕ್ಟರ್ ನಕಲೂ ಮಾಡುವುದಿಲ್ಲ. 8 ಜಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಕನ್ನಡ ಇದೆಯಲ್ಲ, ಬೈಟ್ ಮಟ್ಟದಲ್ಲಿ ಕಾಮಾ ಹುಡುಕಿದರೆ ಅಕ್ಷರ ಒಡೆದುಹೋಗುವುದಿಲ್ಲವೇ ಅಂತ ಕೇಳುತ್ತೀರಿ. ಇಲ್ಲ. ಯುಟಿಎಫ್-8ನಲ್ಲಿ ಕನ್ನಡ ಚಿಹ್ನೆಯ ಮೂರೂ ಬೈಟ್‌ಗಳು 128ಕ್ಕಿಂತ ಕಡಿಮೆ ಇರುವುದೇ ಇಲ್ಲ. ಕಾಮಾ 44, ಸಾಲಿನ ಕೊನೆ 10. ಎರಡೂ ಕನ್ನಡದೊಳಗೆ ಬಂದು ಕೂರುವ ಪ್ರಶ್ನೆಯೇ ಇಲ್ಲ. ಊರಿನ ಹೆಸರನ್ನು ಮಾತ್ರ ಡಿಕೋಡ್ ಮಾಡಿ (ಬೈಟ್‌ನಿಂದ ಅಕ್ಷರಕ್ಕೆ ತಂದು) ಟೆಕ್ಸ್ಟ್ ಮಾಡಿಕೊಳ್ಳಿ, ಉಳಿದದ್ದು ಬೈಟ್ ಆಗಿಯೇ ಇರಲಿ.

ಯಾಕೆ ಡಿಕೋಡ್ ಮಾಡಿಯೇ ಕೀ ಮಾಡಬೇಕು ಅಂದರೆ, ಬೈಟ್‌ಸ್ಟ್ರಿಂಗ್ ಕತ್ತರಿಸಿದಾಗ ಹೊಸ ಪ್ರತಿ ಆಗುವುದಿಲ್ಲ, ದೊಡ್ಡ ತುಂಡಿನ ಮೇಲೆ ಇಲ್ಲಿಂದ ಇಲ್ಲಿಯವರೆಗೆ ಅಂತ ಗೆರೆ ಎಳೆದ ಹಾಗೆ. ಆ ಗೆರೆಯನ್ನೇ ಮ್ಯಾಪ್‌ನ ಕೀ ಮಾಡಿದರೆ ‘ಸೇಡಂ’ ಅನ್ನುವ ಒಂದು ಪುಟ್ಟ ಹೆಸರಿಗಾಗಿ ಇಡೀ 240 ಎಂಬಿ ಕೊನೆಯವರೆಗೂ ಬದುಕಿರುತ್ತದೆ. ಡಿಕೋಡ್ ಮಾಡಿದಾಗ ಬೇರೆ ಪ್ರತಿ ಆಗುತ್ತದೆ, ನಂಟು ಕಡಿಯುತ್ತದೆ. ಟೆಕ್ಸ್ಟ್‌ನಿಂದ ಟೆಕ್ಸ್ಟ್ ಕತ್ತರಿಸಿದಾಗಲೂ ಇದೇ ಗೆರೆಯ ಆಟ, ಅಲ್ಲಿ ಕಾಪಿ ಅನ್ನುವ ಫಂಕ್ಷನ್ ಇದೆ.

ಅಂಕಿಗೆ ರೀಡ್ ಬೇಡ. ಒಂದು ಸಾಲಿನಲ್ಲಿ ದರ ಖಾಲಿ ಇದ್ದರೂ ‘ನೋ ಪಾರ್ಸ್’ ಅಂತ ಇಡೀ ಪ್ರೋಗ್ರಾಂ ಬಿದ್ದುಹೋಗುತ್ತದೆ, ಯಾವ ಸಾಲು ಅಂತಲೂ ಹೇಳುವುದಿಲ್ಲ. ಬೈಟ್‌ಸ್ಟ್ರಿಂಗ್‌ನ ರೀಡ್‌ಇಂಟ್ ಬಳಸಿ. ಅದು ಮೇಬಿ ಕೊಡುತ್ತದೆ: ಅಂಕಿ ಸಿಕ್ಕರೆ ಅಂಕಿ ಮತ್ತು ಉಳಿದ ಬಾಲ, ಸಿಗದಿದ್ದರೆ ನಥಿಂಗ್. ಆ ಬಾಲ ಖಾಲಿ ಇದೆಯಾ ಅಂತ ತಪ್ಪದೇ ನೋಡಿ. ಯಾಕೆಂದರೆ ನಿಮ್ಮ ಹತ್ತು ಅಂಗಡಿಯಲ್ಲಿ ಒಬ್ಬರಾದರೂ ಎಕ್ಸೆಲ್‌ನಲ್ಲಿ 7,250 ಅಂತ ಕಾಮಾ ಹಾಕಿ ಬರೆದಿರುತ್ತಾರೆ. ಎಕ್ಸೆಲ್ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಸಿಎಸ್‌ವಿ ಮಾಡುತ್ತದೆ. ನೀವು ಕಾಮಾ ಕಂಡಲ್ಲೆಲ್ಲ ಕತ್ತರಿಸಿದರೆ ಆ ಸಾಲಿಗೆ ಒಂದು ಕಾಲಂ ಜಾಸ್ತಿ ಆಗುತ್ತದೆ. ಚಿಹ್ನೆ ಬಿಡಿಸಿಕೊಂಡು, ಬಾಲ ನೋಡದೆ ರೀಡ್‌ಇಂಟ್ ಮಾಡಿದರೆ ತೊಗರಿ ಕ್ವಿಂಟಲ್‌ಗೆ 7 ರೂಪಾಯಿ! ಪ್ರೋಗ್ರಾಂ ಬೀಳುವುದಿಲ್ಲ, ಸುಮ್ನೆ ತಪ್ಪು ಸರಾಸರಿ ಕೊಡುತ್ತದೆ. ಮೆಮೊರಿ ತುಂಬಿ ಸಾಯುವ ಪ್ರೋಗ್ರಾಂಗಿಂತ ಇದು ಕೆಟ್ಟದ್ದು. ಉದ್ಧರಣ ಚಿಹ್ನೆಗಳಿರುವ ಫೈಲ್ ಆದರೆ ಕೈಯಿಂದ ಕತ್ತರಿಸುವ ಸಾಹಸ ಬಿಟ್ಟು ಕ್ಯಾಸಾವಾ ಲೈಬ್ರರಿ ಹಾಕಿಕೊಳ್ಳಿ, ಅದರಲ್ಲಿ ಸಾಲು ಸಾಲಾಗಿ ಹರಿಸುವ ವ್ಯವಸ್ಥೆಯೂ ಇದೆ.

ತೂಕವನ್ನು ಕ್ವಿಂಟಲ್‌ನ ದಶಾಂಶದಲ್ಲಿ ಇಡಬೇಡಿ, ಕಿಲೋ ಲೆಕ್ಕದಲ್ಲಿ ಪೂರ್ಣಾಂಕ ಮಾಡಿಕೊಳ್ಳಿ. ಇಂಟ್ ಸಾಕು, ಉಕ್ಕಿ ಹರಿಯುವ ಭಯ ಬೇಡ. 30 ಲಕ್ಷ ಸಾಲೂ ತಲಾ ಒಂದು ಲಕ್ಷ ರೂಪಾಯಿಯದ್ದು ಅಂದರೂ ಒಟ್ಟು 30,000 ಕೋಟಿ, 12 ಅಂಕಿಯ ಸಂಖ್ಯೆ. 64-ಬಿಟ್ ಇಂಟ್‌ನಲ್ಲಿ 18 ಅಂಕಿಯವರೆಗೆ ನಿಶ್ಚಿಂತೆ.

ಬದಲಾಯಿಸಿದ ಮೇಲೆ ‘ಈಗ ಫಾಸ್ಟ್ ಆಯ್ತು’ ಅಂತ ಅಂದಾಜಿನಲ್ಲಿ ಬಿಡಬೇಡಿ, ಅಳೆದು ನೋಡಿ. ಕಂಪೈಲ್ ಮಾಡುವಾಗ ಆಪ್ಟಿಮೈಸೇಷನ್ ಜೊತೆಗೆ ಹೈಫನ್ ಆರ್‌ಟಿಎಸ್‌ಆಪ್ಟ್ಸ್ ಅನ್ನುವ ಆಯ್ಕೆ ಕೊಡಿ. ಅದಿಲ್ಲದೆ ಮುಂದಿನದ್ದು ನಡೆಯುವುದಿಲ್ಲ. ಓಡಿಸುವಾಗ ಪ್ರೋಗ್ರಾಂ ಹೆಸರು ಆದ ಮೇಲೆ ಪ್ಲಸ್ ಆರ್‌ಟಿಎಸ್, ಜಾಗ ಬಿಟ್ಟು ಹೈಫನ್ ಸಣ್ಣ ಎಸ್. ಕೊನೆಗೆ ಒಂದು ಪುಟ ಲೆಕ್ಕ ಬರುತ್ತದೆ. ಅದರಲ್ಲಿ ನಾನು ನೋಡುವುದು ಎರಡೇ: ಮ್ಯಾಕ್ಸಿಮಮ್ ರೆಸಿಡೆನ್ಸಿ, ಅಂದರೆ ಅತಿ ಹೆಚ್ಚು ಎಂದರೆ ಎಷ್ಟು ಡೇಟಾ ಬದುಕಿತ್ತು ಅನ್ನುವುದು, ಮತ್ತೆ ಜಿಸಿಗೆ (ಗಾರ್ಬೇಜ್ ಕಲೆಕ್ಟರ್ ಕೆಲಸಕ್ಕೆ) ಎಷ್ಟು ಹೊತ್ತು ಹೋಯಿತು ಅನ್ನುವುದು. ಮೊದಲ ಸಂಖ್ಯೆ 240 ಎಂಬಿಯ ಆಸುಪಾಸು ಇದ್ದರೆ ಗೆದ್ದಿರಿ. ಜಿಬಿಗಳಲ್ಲಿ ಇದ್ದರೆ ಎಲ್ಲೋ ತಂತಿ ಇನ್ನೂ ತುಂಬುತ್ತಿದೆ. ಅದೆಲ್ಲಿ ಅಂತ ಹುಡುಕಲು ಹೈಫನ್ ಸಣ್ಣ ಎಚ್, ದೊಡ್ಡ ಟಿ ಕೊಡಿ. ಪ್ರೊಫೈಲಿಂಗ್‌ಗೆ ಅಂತ ಬೇರೆ ಬಿಲ್ಡ್ ಮಾಡದೆಯೂ ಇದು ಕೆಲಸ ಮಾಡುತ್ತದೆ. ಮೆಮೊರಿ ಯಾವ ಬಗೆಯ ವಸ್ತುಗಳಿಂದ ತುಂಬಿದೆ ಅಂತ ಕಾಲದ ಜೊತೆ ಬರೆದಿಡುತ್ತದೆ. ಅದರಲ್ಲಿ ಥಂಕ್ ಅನ್ನುವ ಪಟ್ಟಿ ಗುಡ್ಡದ ಹಾಗೆ ಏರುತ್ತಿದ್ದರೆ ಚೀಟಿಗಳು, ಕೋಲನ್ ಅನ್ನುವ ಪಟ್ಟಿ ಏರುತ್ತಿದ್ದರೆ ಪಟ್ಟಿಯ ಕೊಂಡಿಗಳು, ಅಂದರೆ ಎಲ್ಲೋ ಸ್ಟ್ರಿಂಗ್ ಉಳಿದಿದೆ.

ಇನ್ನೊಂದು ಮಾತು, ಇದು ನಿಮ್ಮ ಲ್ಯಾಪ್‌ಟಾಪ್ ಮೇಲಿನ ಕನಿಕರಕ್ಕೆ. ಹೈಫನ್ ದೊಡ್ಡ ಎಂ ಕೊಟ್ಟು ಪಕ್ಕದಲ್ಲೇ 1ಜಿ ಅಂತ ಹಾಕಿದರೆ ಪ್ರೋಗ್ರಾಂ ಹೀಪ್ (ಡೇಟಾ ಇಡುವ ಮೆಮೊರಿ) 1 ಜಿಬಿ ದಾಟುವ ಹಾಗಿಲ್ಲ. ದಾಟಿದರೆ ತಾನೇ ಸಾಯುತ್ತದೆ, ಇಡೀ ಯಂತ್ರವನ್ನು ಹಿಡಿದು ಅಲ್ಲಾಡಿಸುವುದಿಲ್ಲ. ಹಳೇ ಜಿಎಚ್‌ಸಿಯಲ್ಲಿ ಉದ್ದದ ಚೀಟಿ ಸರಪಳಿ ಬಿಡಿಸಲು ಹೋದರೆ ಬೇಗನೇ ಸ್ಟ್ಯಾಕ್ ಓವರ್‌ಫ್ಲೋ ಬಂದು ಗೊತ್ತಾಗುತ್ತಿತ್ತು. ಈಗ ಸ್ಟ್ಯಾಕ್ ಮಿತಿಯೇ ಮೆಮೊರಿಯ ಶೇ. 80. ಹಾಗಾಗಿ ಎಚ್ಚರಿಕೆ ಬರುವ ಮೊದಲೇ ಯಂತ್ರ ಮಲಗುತ್ತದೆ.

ಅಳೆಯುವುದನ್ನು ಜಿಎಚ್‌ಸಿಐ (ಸಾಲು ಬರೆದ ಕೂಡಲೇ ಓಡಿಸಿ ತೋರಿಸುವ ಸಾಧನ) ಒಳಗೆ ಮಾತ್ರ ಮಾಡಬೇಡಿ. ಅಲ್ಲಿ ಆಪ್ಟಿಮೈಸೇಷನ್ ಇಲ್ಲ. ಸಾಲುಗಳಿಗೆ ಒಂದು ಹೆಸರು ಕೊಟ್ಟು ಇಟ್ಟರೆ ಆ ಹೆಸರು ಇರುವವರೆಗೂ ಸಾಲುಗಳೂ ಇರುತ್ತವೆ. ಅಲ್ಲಿ ಕಂಡ ಸೋರಿಕೆ ನಿಜದ್ದೋ ಅಲ್ಲವೋ ಹೇಳುವುದು ಕಷ್ಟ.

ನಾನೂ ಇದರಲ್ಲಿ ಕೈ ಸುಟ್ಟುಕೊಂಡವನೇ. ಬಹಳ ಹಿಂದೆ ಒಂದು ಕಡೆ ಕೆಲಸದಲ್ಲಿದ್ದಾಗ ಸರ್ವರ್‌ಗೆ ಎಷ್ಟು ವಿನಂತಿ ಬಂತು ಅಂತ ಎಣಿಸಲು ಒಂದು ಐಒರೆಫ್ (ಒಳಗಿನ ಬೆಲೆ ಬದಲಾಯಿಸಬಹುದಾದ ಡಬ್ಬಿ) ಇಟ್ಟು, ಪ್ರತಿ ಸಲ ಮಾಡಿಫೈಐಒರೆಫ್‌ನಿಂದ ಒಂದು ಕೂಡಿಸುತ್ತಿದ್ದೆ. ಆ ಎಣಿಕೆಯನ್ನು ತಿಂಗಳಿಗೊಮ್ಮೆ ಮಾತ್ರ ಕೇಳುವುದು. ತಿಂಗಳೆಲ್ಲ ‘ಒಂದು ಕೂಡು’ ಚೀಟಿಗಳು ಜೋತಾಡಿದವು. ಕೊನೆಯ ದಿನ ರಾತ್ರಿ ವರದಿ ಎಣಿಕೆ ಕೇಳಿತು, ಸರ್ವರ್ ಬಿತ್ತು. ಬರೀ ಒಂದು ಅಂಕಿ! ಬೆಳಗ್ಗೆವರೆಗೂ ನಾನು ಡೇಟಾಬೇಸ್ ಮೇಲೆ ಅನುಮಾನಪಟ್ಟು ಕೂತಿದ್ದೆ. ಅದಕ್ಕೂ ಒಂದು ಪ್ರೈಮ್ ಇರುವ ತಮ್ಮ ಇದ್ದಾನೆ, ಮಾಡಿಫೈಐಒರೆಫ್ ಪ್ರೈಮ್. ಅಂಕಿ ಎಣಿಸುವಾಗ ಅವನನ್ನೇ ಕರೆಯಿರಿ. ಆದರೆ ಅವನೂ ಒಂದು ಪದರದವನೇ.

ನಾಳೆ ಯಾರಾದರೂ ‘ಎಲ್ಲಕ್ಕೂ ಡೀಪ್‌ಸೀಕ್ (deepseq) ಹಾಕು, ತಲೆನೋವೇ ಇರಲ್ಲ’ ಅನ್ನಬಹುದು. ಅದು ಎಲ್ಲ ಪದರಗಳನ್ನೂ ಒಳಗಿನವರೆಗೆ ಬಿಡಿಸುವ ಫಂಕ್ಷನ್. ಲೂಪ್ ಒಳಗೆ ಹಾಕಬೇಡಿ. ಅದು ಪ್ರತಿ ಸಾಲಿಗೂ ಇಡೀ ಮ್ಯಾಪ್ ಸುತ್ತಿ ಬರುತ್ತದೆ. 15 ಊರು, 12 ವರ್ಷ ಅಂದರೂ 180 ಮನೆ, ಅದನ್ನು 30 ಲಕ್ಷ ಸಲ ಸುತ್ತುವುದು. ಮೆಮೊರಿ ಉಳಿಯುತ್ತದೆ, ಹೊತ್ತು ಹೋಗುತ್ತದೆ. ಸ್ಟ್ರಿಕ್ಟ್‌ಡೇಟಾ ಎಕ್ಸ್‌ಟೆನ್ಷನ್ ಮಾತ್ರ ನನಗೆ ಇಷ್ಟ, ನೀವು ಮಾಡುವ ಡೇಟಾ ಟೈಪ್‌ಗಳಿಗೆಲ್ಲ ಆಶ್ಚರ್ಯ ಚಿಹ್ನೆ ತಾನೇ ಹಾಕುತ್ತದೆ. ಟಪಲ್‌ಗೆ ಅದು ತಾಗುವುದಿಲ್ಲ, ಟಪಲ್ ನಿಮ್ಮದಲ್ಲವಲ್ಲ.

ಕೊನೆಗೆ, ನೀವು ಕೇಳಿಲ್ಲ, ಆದರೆ ಮೆಮೊರಿ ಸರಿಯಾದ ಮರುಗಳಿಗೆಯೇ ಎದುರಾಗುವ ತೊಂದರೆ. ಉತ್ತರದಲ್ಲಿ ಒಂದೇ ಊರು ಎರಡು ಸಲ ಬರುತ್ತದೆ. ನಿಮ್ಮದು 12 ವರ್ಷದ ಲೆಕ್ಕ. 2014ರ ನವೆಂಬರ್ 1ಕ್ಕೆ ನಮ್ಮ ಊರು ಅಧಿಕೃತವಾಗಿ ಕಲಬುರಗಿ ಆಯಿತು. ಹಳೇ ಸಾಲುಗಳಲ್ಲಿ ಗುಲ್ಬರ್ಗಾ ಅಂತ ಇದ್ದರೆ ಮ್ಯಾಪ್‌ಗೆ ಅವು ಎರಡು ಊರು. ಕೆಲವರ ಕೈ ಇನ್ನೂ ಹಳೇ ಹೆಸರೇ ಬರೆಯುತ್ತದೆ, ಹಾಗಾಗಿ ವರ್ಷ ನೋಡಿ ತಿದ್ದಲು ಹೋಗಬೇಡಿ. ಗುಲ್ಬರ್ಗಾ, ಗುಲಬರ್ಗಾ, ಕಲಬುರ್ಗಿ, ಎಲ್ಲ ರೂಪದಿಂದ ಒಂದೇ ಹೆಸರಿಗೆ ಹೋಗುವ ಒಂದು ಪುಟ್ಟ ಮ್ಯಾಪ್ ಬೇರೆ ಮಾಡಿ, ಕೀ ಹಾಕುವ ಮೊದಲು ಅದರಲ್ಲಿ ನೋಡಿ. ಶಹಾಪುರ-ಶಹಾಪೂರ, ಸುರಪುರ-ಶೋರಾಪುರಕ್ಕೂ ಇದೇ ಮದ್ದು.

ಕಣ್ಣಿಗೆ ಕಾಣದ ವ್ಯತ್ಯಾಸ ಇದಕ್ಕಿಂತ ಕಾಡುತ್ತದೆ. ಕನ್ನಡ ಟೈಪ್ ಮಾಡುವಾಗ ಅರ್ಧಾಕ್ಷರದ ಮುಂದೆ ಒತ್ತು ಬೀಳದಿರಲಿ ಅಂತ ಒಂದು ಅಗೋಚರ ಚಿಹ್ನೆ ಸೇರುತ್ತದೆ, ಜೀರೋ ವಿಡ್ತ್ ನಾನ್ ಜಾಯ್ನರ್. ಒಬ್ಬರು ಬರೆದ ಬೀದರ್ ಕೊನೆಯಲ್ಲಿ ಅದು ಇರುತ್ತದೆ, ಇನ್ನೊಬ್ಬರದರಲ್ಲಿ ಇರುವುದಿಲ್ಲ. ಪರದೆಯ ಮೇಲೆ ಎರಡೂ ಒಂದೇ, ಪ್ರಿಂಟ್ ತೆಗೆದರೂ ಒಂದೇ, ಮ್ಯಾಪ್‌ಗೆ ಮಾತ್ರ ಬೇರೆ. ‘ತೊ’ದ ಒ-ಕಾರವನ್ನೂ ಕೆಲವು ಕಡೆ ಒಂದೇ ಚಿಹ್ನೆಯಾಗಿ, ಕೆಲವು ಕಡೆ ಎರಡು ಚಿಹ್ನೆ ಜೋಡಿಸಿ ಬರೆದಿರುತ್ತಾರೆ. ಊರಿನ ಹೆಸರು ಡಿಕೋಡ್ ಆದ ಕೂಡಲೇ ಆ ಅಗೋಚರ ಚಿಹ್ನೆಯನ್ನು ಫಿಲ್ಟರ್ ಮಾಡಿ ತೆಗೆಯಿರಿ, ಆಚೀಚಿನ ಜಾಗ ಒರೆಸಿ, ಯೂನಿಕೋಡ್ ಟ್ರಾನ್ಸ್‌ಫಾರ್ಮ್ಸ್ ಲೈಬ್ರರಿಯಿಂದ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಆ ಜೋಡಿ ಚಿಹ್ನೆಗಳು ಒಂದಾಗುವ ರೂಪಕ್ಕೆ, ತನ್ನಿ. ಆಮೇಲೆ ಮ್ಯಾಪ್‌ನ ಕೀಗಳನ್ನು ಮಾತ್ರ ಮುದ್ರಿಸಿ ಅಪ್ಪನ ಕೈಗೆ ಕೊಡಿ. ಅಂಗಡಿಯ ವಿಂಡೋಸ್ ಕಂಪ್ಯೂಟರ್‌ನಲ್ಲಿ ಓಡಿಸಿದರೆ ಮುದ್ರಿಸುವ ಮೊದಲು ಎಚ್‌ಸೆಟ್‌ಎನ್‌ಕೋಡಿಂಗ್‌ನಿಂದ ಹೊರಹರಿವನ್ನು ಯುಟಿಎಫ್-8 ಮಾಡಿ, ಇಲ್ಲದಿದ್ದರೆ ಮೊದಲ ಕನ್ನಡ ಅಕ್ಷರಕ್ಕೇ ದೋಷ ಬಂದು ನಿಲ್ಲಬಹುದು. ಯಾವ ಎರಡು ಹೆಸರು ಒಂದೇ ಊರಿನವು ಅಂತ ಅವರು ಒಂದು ಚಹಾ ಮುಗಿಯುವುದರೊಳಗೆ ಗುರುತು ಹಾಕಿ ಕೊಡುತ್ತಾರೆ.